ಭಾನುವಾರ ಲೆಕ್ಕಕ್ಕಿಲ್ಲ

ಟೈಡವ್ನೆಟ್, ಮೊನಹನ್
ಶುಕ್ರವಾರ, 12 ಫೆಬ್ರವರಿ 1988

ಪ್ರೀತಿಯ ಫೆಲಿಮ್,

ಮಧ್ಯಾಹ್ನ ಮೂರೂವರೆ. ಬೆಳಗಿನಿಂದ ಆದದ್ದು ಇಷ್ಟು: ಕೋಳಿಗಳನ್ನು ಬಿಟ್ಟೆ, ಒಲೆಯ ಬೂದಿ ತೆಗೆದೆ, ಒಂದು ಸೋಡಾ ಬ್ರೆಡ್ ಬೇಯಿಸಿದೆ, ಅದರಲ್ಲಿ ಒಂದು ಚೂರು ತಿಂದೆ. ಮೊದಲೆಲ್ಲ ಬೆಳಿಗ್ಗೆ ಬೇಯಿಸಿದ್ದು ಸಂಜೆಗೆ ಮುಗಿಯುತ್ತಿತ್ತು. ಈಗ ಗಟ್ಟಿಯಾಗಿ ಕೋಳಿಗಳಿಗೆ ಹೋಗುತ್ತದೆ. ಚಿಕ್ಕದಾಗಿ ಬೇಯಿಸುವುದು ಕೈಗೆ ಇನ್ನೂ ಬಂದಿಲ್ಲ.

ನಿನ್ನ ಕಾಗದ ಬಂತು. ಬರುವ ವಿಭೂತಿ ಬುಧವಾರದಿಂದ ಇಬ್ಬರೂ ಸೇರಿ ಸಿಗರೇಟು ಬಿಡೋಣ ಎಂದು ಬರೆದಿದ್ದೀಯ. ಓದಿ ನಕ್ಕೆ. ನನ್ನ ನಗು ನನಗೇ ಕೇಳಿಸಿ ಎಷ್ಟು ದಿನವಾಗಿತ್ತೋ. ಚಿಕ್ಕವರಿದ್ದಾಗ ಈಸ್ಟರಿಗೆ ಮೊದಲಿನ ನಲವತ್ತು ದಿನದ ತಪಸ್ಸುಕಾಲ ಬಂದರೆ ನೀನು ಸಕ್ಕರೆ ಬಿಡುತ್ತೇನೆ ಎಂದು ಎಲ್ಲರಿಗೂ ಸಾರಿ, ಜಾಮಿನ ಶೀಶೆಗೆ ಬೆರಳು ಹಾಕುತ್ತಿದ್ದೆ. ನಿನ್ನ ಮನಸ್ಸು ನನಗೆ ತಿಳಿಯುತ್ತದೆ. ಲೀಡ್ಸ್‌ನಲ್ಲಿ ಕೂತು ನೀನು ಇದನ್ನು ಮಾಡಹೊರಟಿರುವುದು ನನ್ನ ಸಲುವಾಗಿ. ನವೆಂಬರಿನಲ್ಲಿ ನಿನ್ನ ಭಾವನ ಮಣ್ಣಿಗೆ ಬಂದವನು, ನಾನು ಒಂದರ ಕಿಡಿಯಿಂದ ಇನ್ನೊಂದು ಹಚ್ಚುತ್ತಿದ್ದದ್ದನ್ನು ನೋಡಿ ಹೋದೆ.

ಆವತ್ತು ಸಿಗರೇಟಿನ ತಟ್ಟೆ ಕಂಡು ನಿನಗೆ ಸಿಟ್ಟು ಬಂದಿತ್ತು. "ಎದೆ ಕೆಟ್ಟು ಸತ್ತೋನ ಕಾಲ ಹತ್ರ ಸಿಗರೇಟು ಹಂಚ್ತಾರಾ?" ಎಂದು ಅಡುಗೆಮನೆಯಲ್ಲಿ ಹಲ್ಲು ಕಚ್ಚಿ ಕೇಳಿದೆ. ತಟ್ಟೆ ತಂದಿಟ್ಟವಳು ಪಕ್ಕದ ಮನೆಯ ಬರ್ನಿ. ಅವಳು ಬಿಡುವವಳೇ? "ನಮ್ಮಪ್ಪಂಗೂ ಇಟ್ಟಿದ್ವಿ, ಅವರಪ್ಪಂಗೂ ಇಟ್ಟಿದ್ರು. ಹೆಣ ಕಾಯೋಕೆ ಬಂದೋರನ್ನ ಬರೀ ಬಾಯಲ್ಲಿ ಕೂರಿಸ್ತಾರೇನೋ ತಮ್ಮಾ? ನಿನ್ನ ಭಾವ ಯೂಜೀನ್ ಏನು ಜಿಪುಣನಾ?" ಎಂದಳು. ಈಗ ಯಾರೂ ಹಾಗೆ ಇಡುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ ನಿನ್ನ ಭಾವನ ಮನೆಗೆ ಬಂದವರು ಬರಿಗೈಯಲ್ಲಿ ಹೋಗಬಾರದು ಎಂದು ಅನ್ನಿಸಿತು. ಉಳಿದದ್ದನ್ನು ಬಿಸ್ಕತ್ತಿನ ಡಬ್ಬಿಗೆ ತುಂಬಿಟ್ಟಿದ್ದೇನೆ.

ಸರಿ, ಸಿಗರೇಟು ಬಿಡೋಣ. ಭಾನುವಾರ ಲೆಕ್ಕಕ್ಕಿಲ್ಲ, ಅದು ನೆನಪಿದೆ ತಾನೆ? ಅಪ್ಪ ವಾರವೆಲ್ಲ ಪೈಪು ಮುಟ್ಟುತ್ತಿರಲಿಲ್ಲ. ಭಾನುವಾರ ಪೂಜೆಯಿಂದ ಬಂದು, ಟೋಪಿ ಕೂಡ ತೆಗೆಯದೆ ಬಾಗಿಲ ಕಲ್ಲಿನ ಮೇಲೆ ಕೂತು ಹಚ್ಚುತ್ತಿದ್ದರು. "ಭಾನುವಾರ ದೇವರದ್ದು, ವ್ರತದ್ದಲ್ಲ." ಮತ್ತೆ ಈಸ್ಟರಿನ ಬೆಳಿಗ್ಗೆ ಚರ್ಚಿನ ಗೋಡೆಯುದ್ದಕ್ಕೂ ಗಂಡಸರು ಸಾಲಾಗಿ ನಿಂತು ಹೊಗೆ ಬಿಡುತ್ತಿದ್ದದ್ದು. ಒಳಗೆ ಧೂಪ, ಹೊರಗೆ ಇದು.

ಬರೆಯುತ್ತಿರು. ಫೋನು ಬರ್ನಿಯ ಮನೆಯಲ್ಲಿದೆ, ಆದರೆ ಅವಳ ಎದುರು ನಿಂತು ಏನು ಮಾತಾಡಲಿ.

ನಿನ್ನ ಅಕ್ಕ,
ಡಿಂಪ್ನಾ


ಹೇರ್‌ಹಿಲ್ಸ್, ಲೀಡ್ಸ್
ಭಾನುವಾರ, 21 ಫೆಬ್ರವರಿ

ಅಕ್ಕ,

ಇನ್ನೂ ಬದುಕಿದ್ದೇನೆ. ನನ್ನ ಮನೆಯೊಡತಿ ಮಿಸೆಸ್ ಆಕ್ರಾಯ್ಡ್‌ಗೆ ಮಾತ್ರ ಬದುಕು ಸಾಕಾಗಿದೆ. ನಿನ್ನೆ ಮಹಡಿ ಮೆಟ್ಟಿಲ ಕೆಳಗೆ ನಿಂತು, "ಮೆಕೆನ್ನಾ ಅವ್ರೇ, ನೀವು ಹೀಗೆ ಮುಖ ಗಂಟು ಹಾಕ್ಕೊಂಡು ಓಡಾಡಿದ್ರೆ ನನ್ನ ಬೆಕ್ಕು ಮನೆ ಬಿಟ್ಟು ಹೋಗುತ್ತೆ. ಒಂದೋ ಸೇದಿ, ಇಲ್ಲಾ ನಗಿ" ಎಂದರು. ನಕ್ಕೆ. "ಬೇಡ, ಸೇದೋದೇ ವಾಸಿ" ಎಂದರು.

ಎಲ್ಲಕ್ಕಿಂತ ಕಷ್ಟವಾದದ್ದು ಗಿಲಾವು ಬಿಗಿಯುವ ಹೊತ್ತು. ಮೊದಲ ಕೈ ಬಳಿದ ಮೇಲೆ ಅದು ಗಟ್ಟಿಯಾಗುವವರೆಗೆ ಗಾರೆಯವನಿಗೆ ಬೇರೆ ಕೆಲಸವಿಲ್ಲ. ಕೆಲಸ ಕಲಿತ ದಿನದಿಂದ ಆ ಹೊತ್ತನ್ನು ನಾನು ಸಿಗರೇಟಿನಿಂದಲೇ ಅಳೆದಿದ್ದೇನೆ. ಎರಡು ಸೇದಿ ಮುಗಿಸಿದರೆ ಗೋಡೆ ಕರಣೆಗೆ ಸಿದ್ಧ. ಈಗ ಗೋಡೆ ಯಾವಾಗ ಸಿದ್ಧ ಎಂಬುದೇ ಗೊತ್ತಾಗುವುದಿಲ್ಲ. ಹೊಸದಾಗಿ ಕಲಿಯುವವರ ಹಾಗೆ ಬೆರಳಿಟ್ಟು ನೋಡುತ್ತೇನೆ.

ನಾನು ಕಂಡುಕೊಂಡದ್ದನ್ನು ಹೇಳುತ್ತೇನೆ. ಸೇದಬೇಕೆಂಬ ಆಸೆ ಬಂದು ನಿಲ್ಲುವುದಿಲ್ಲ, ಬಂದು ಹೋಗುತ್ತದೆ. ಕೆಟಲ್ ಕುದಿಯುವಷ್ಟು ಹೊತ್ತು ತಡೆದರೆ ಸಾಕು. ಅಷ್ಟು ಹೊತ್ತು ಬೆಂಕಿಕಡ್ಡಿ ಕಚ್ಚುತ್ತೇನೆ, ಹಲ್ಲುಜ್ಜುತ್ತೇನೆ, ತಣ್ಣೀರು ಕುಡಿಯುತ್ತೇನೆ. ಚಹಾ ಮಾತ್ರ ಕುಡಿಯುವುದಿಲ್ಲ. ಚಹಾ ಕುಡಿದರೆ ಕೈ ತಾನಾಗಿ ಜೇಬಿಗೆ ಹೋಗುತ್ತದೆ. ಕೋಣೆಯಲ್ಲಿ ಒಂದೂ ಇಟ್ಟುಕೊಂಡಿಲ್ಲ. ಬೂದಿತಟ್ಟೆಯನ್ನು ಮಿಸೆಸ್ ಆಕ್ರಾಯ್ಡ್‌ಗೆ ಕೊಟ್ಟೆ, ಅದರಲ್ಲಿ ಬೆಕ್ಕು ಹಾಲು ಕುಡಿಯುತ್ತದೆ. ನೀನೂ ಆ ಡಬ್ಬಿಯನ್ನು ಹೊರಗೆ ಹಾಕು. ಮನೆಯೊಳಗೆ ಇದ್ದದ್ದು ಒಂದಲ್ಲ ಒಂದು ದಿನ ಬಾಯಿಗೆ ಬರುತ್ತದೆ.

ಇನ್ನೊಂದು ಮಾತು. ಭಾನುವಾರವೂ ಬೇಡ. ಈಸ್ಟರಿಗೆ ಮುಗಿಯುವ ವ್ರತ ಈ ಸಲ ಬೇಡ ಅಕ್ಕ. ಒಮ್ಮೆಗೇ ಬಿಡೋಣ.

ಇಲ್ಲಿ ಚಳಿ. ಎರಡು ಜೊತೆ ಕಾಲುಚೀಲ ಹಾಕಿದರೂ ಪಾದ ಬೆಚ್ಚಗಾಗುವುದಿಲ್ಲ. ಬಿಡುವಾದಾಗ ಒಂದು ಜೊತೆ ಉಣ್ಣೆಯದು ಹೆಣೆದು ಕಳಿಸುತ್ತೀಯಾ? ಕೈಯಲ್ಲಿ ಹೆಣಿಗೆ ಕಡ್ಡಿ ಇದ್ದರೆ ಸಿಗರೇಟು ಹಿಡಿಯಲು ನಿನಗೂ ಬೆರಳು ಉಳಿಯುವುದಿಲ್ಲ.

ಫೆಲಿಮ್


ಟೈಡವ್ನೆಟ್
ಸೋಮವಾರ, 29 ಫೆಬ್ರವರಿ

ಪ್ರೀತಿಯ ಫೆಲಿಮ್,

ಸಂಜೆ ಐದೂವರೆ. ಪೇಟೆಗೆ ಹೋಗಿ ಬೂದು ಬಣ್ಣದ ಉಣ್ಣೆ ತಂದೆ. ಬಲಗಾಲಿನದು ಹಿಮ್ಮಡಿಯವರೆಗೆ ಬಂದಿದೆ. ನೀನು ಹೇಳಿದ್ದು ನಿಜ, ಹೆಣೆಯುವಾಗ ನೆನಪಾಗುವುದಿಲ್ಲ. ಚಹಾ ಬಿಟ್ಟು ಬಿಸಿನೀರು ಕುಡಿಯುತ್ತಿದ್ದೇನೆ. ಬಾಯಿಗೆ ಏನೂ ಅನ್ನಿಸುವುದಿಲ್ಲ, ಅದಕ್ಕೇ ಒಳ್ಳೆಯದು.

ಕಷ್ಟ ಆರು ಗಂಟೆಗೆ. ರೇಡಿಯೋದಲ್ಲಿ ಪ್ರಾರ್ಥನೆಯ ಗಂಟೆ ಬಡಿಯುತ್ತದೆ. ಆ ಹೊತ್ತಿಗೆ ನಿನ್ನ ಭಾವ ಹೊಲದಿಂದ ಬಂದು, ಬೂಟು ಬಿಚ್ಚಿ, ಒಲೆಯ ಆ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದರು. ಎರಡು ಹಚ್ಚಿ ಒಂದನ್ನು ನನ್ನ ಕೈಗೆ ಕೊಡುತ್ತಿದ್ದರು. ಸೇದಿ ಮುಗಿಯುವವರೆಗೆ ಇಬ್ಬರೂ ಮಾತಾಡುತ್ತಿರಲಿಲ್ಲ. ಕುರ್ಚಿಯನ್ನು ಬೇರೆ ಕಡೆ ಇಡು ಎಂದು ನೀನು ಹೇಳಬಹುದು. ನನ್ನ ಕುರ್ಚಿಯನ್ನು ಕಿಟಕಿಯ ಹತ್ತಿರ ಇಟ್ಟುಕೊಂಡೆ. ಅವರದ್ದು ಇದ್ದಲ್ಲೇ ಇದೆ.

ಬರ್ನಿ ಬಂದಿದ್ದಳು. "ಏನೇ ಡಿಂಪ್ನಾ, ಗಂಡ ಹೋದ, ಈಗ ಹೊಗೇನೂ ಬಿಟ್ರೆ ಮನೇಲಿ ಇನ್ನೇನೇ ಉಳೀತು?"

"ಕೋಳಿ ಇದಾವಲ್ಲ" ಎಂದೆ.

"ಕೋಳಿ ಜೊತೆ ಮಾತಾಡಕ್ಕಾಗುತ್ತಾ?"

"ನಿನ್ನ ಜೊತೆಗಿಂತ ಸುಲಭ. ಮಧ್ಯ ಬಾಯಿ ಹಾಕಲ್ಲ."

ಅವಳು ನಗುತ್ತಾ ಹೋದಳು. ಹೋದ ಮೇಲೆ ಅವಳ ಪ್ರಶ್ನೆ ಇಲ್ಲೇ ಉಳಿಯಿತು.

ನಿನ್ನೆ ಪೂಜೆ ಮುಗಿಸಿ ಬಂದು ಒಂದು ಸೇದಿದೆ. ನಿನಗೆ ಮುಚ್ಚಿಡುವುದೇಕೆ. ಭಾನುವಾರ ಲೆಕ್ಕಕ್ಕಿಲ್ಲ ಎಂದು ನಮ್ಮ ಅಪ್ಪನೇ ಹೇಳಿದ್ದು, ನೀನು ಯಾವಾಗ ಅಪ್ಪನಿಗಿಂತ ದೊಡ್ಡ ಪಾದ್ರಿಯಾದೆ? ನೀನೂ ಭಾನುವಾರಕ್ಕೊಂದು ಇಟ್ಟುಕೋ. ವಾರವಿಡೀ ಬಿಗಿದ ಹಗ್ಗ ಒಂದು ದಿನ ಸಡಿಲವಾದರೆ ಮುಂದಿನ ವಾರ ಎಳೆಯುವುದು ಸುಲಭ. ಡಬ್ಬಿಯನ್ನು ಹೊರಗೆ ಹಾಕಿಲ್ಲ, ಹಾಕುವ ಅಗತ್ಯವೂ ಬರಲಾರದು. ತಳದಲ್ಲಿ ಒಂದು ಪದರ ಮಾತ್ರ ಉಳಿದಿದೆ.

ಅಕ್ಕ,
ಡಿಂಪ್ನಾ


ಲೀಡ್ಸ್
ಭಾನುವಾರ, 6 ಮಾರ್ಚ್

ಅಕ್ಕ,

ನವೆಂಬರಿನಲ್ಲಿ ಆ ಡಬ್ಬಿ ಮುಚ್ಚಳ ಹಾಕಲಾಗದಷ್ಟು ತುಂಬಿತ್ತು. ಭಾನುವಾರಕ್ಕೊಂದು ಎಂದೆ. ತಳ ಹೇಗೆ ಕಾಣಿಸಿತು? ಬೈಯುತ್ತಿಲ್ಲ. ಕೇಳಿದೆ ಅಷ್ಟೆ.

ಈ ವಾರ ನಾನು ಕೆಲಸಕ್ಕೆ ಹೋಗಿಲ್ಲ. ಮಂಜು ಬಿದ್ದರೆ ಹೊರಗೋಡೆಗೆ ಗಿಲಾವು ಹಿಡಿಯುವುದಿಲ್ಲ. ಕೋಣೆಯಲ್ಲಿ ಕಿಟಕಿಯ ಹತ್ತಿರ ಕೂತಿರುತ್ತೇನೆ. ಎದುರು ಬೀದಿಯಲ್ಲಿ ಬಸ್ ನಿಲ್ದಾಣವಿದೆ, ಅಲ್ಲಿ ನಿಂತವರೆಲ್ಲ ಸೇದುತ್ತಾರೆ. ಅದಕ್ಕೆ ಬೆನ್ನು ಹಾಕಿ ಕೂರಲು ಕಲಿತಿದ್ದೇನೆ. ನಿದ್ದೆ ಕಡಿಮೆ. ಬಿಟ್ಟವರಿಗೆಲ್ಲ ಮೊದಮೊದಲು ಹಾಗೇ ಅಂತೆ.

ಇದನ್ನು ಹೇಳಿದ್ದು ನನಗೆ ಪರಿಚಯದ ನರ್ಸ್ ಒಬ್ಬರು, ಮಾರ್ಜರಿ ಎಂದು. ಬಿಡುವ ವಿಷಯದಲ್ಲಿ ಅವರಿಗೆ ತಿಳಿಯದ್ದು ಇಲ್ಲ. ನಿಕೊಟಿನ್ ಇರುವ ಚೂಯಿಂಗ್ ಗಮ್ ಬಂದಿದೆ, ಡಾಕ್ಟರು ಬರೆದುಕೊಟ್ಟರೆ ಸಿಗುತ್ತದೆ. ನನಗೆ ಅದೂ ಬೇಡ ಎಂದರು, ನಿನಗೆ ಆದೀತು. ನಿಮ್ಮ ಡಾಕ್ಟರನ್ನು ಕೇಳು. ಬಿಟ್ಟಿದ್ದೇನೆ ಎಂದು ಕಂಡವರಿಗೆಲ್ಲ ಹೇಳಬೇಕಂತೆ, ಆಮೇಲೆ ಎಲ್ಲರ ಎದುರು ಹಚ್ಚಲು ನಾಚಿಕೆಯಾಗುತ್ತದೆ. ಮುಖ್ಯವಾದದ್ದು ಒಂದೇ ಎನ್ನುತ್ತಾರೆ: "ಒಂದೇ ಒಂದು ಅನ್ನೋದು ಈ ಲೋಕದಲ್ಲಿ ಇಲ್ಲ ಮೆಕೆನ್ನಾ. ಒಂದು ಅಂದ್ರೆ ಮುಂದಿನದರ ಬಾಗಿಲು." ನೋಡಲು ಸಣ್ಣಗಿದ್ದಾರೆ, ದನಿ ಮಾತ್ರ ಹರಾಜು ಕೂಗುವವರದ್ದು.

ಕಾಲುಚೀಲಕ್ಕೆ ಅವಸರವಿಲ್ಲ.

ಫೆಲಿಮ್


ಟೈಡವ್ನೆಟ್
ಶನಿವಾರ, 12 ಮಾರ್ಚ್

ಪ್ರೀತಿಯ ಫೆಲಿಮ್,

ಬೆಳಿಗ್ಗೆ ಹತ್ತು ಗಂಟೆ. ಬೆಳಕು ಹರಿದ ಕೂಡಲೇ ಕೆಳಗಿನ ಹೊಲಕ್ಕೆ ಹೋಗಿ ಬೇಲಿಯ ಬುಡದಲ್ಲಿ ಸಂತ ಪ್ಯಾಟ್ರಿಕ್‌ನ ಹಬ್ಬಕ್ಕೆ ಮುಡಿಯುವ ಮೂರೆಲೆಯ ಶಾಮ್ರಾಕ್ ಕಿತ್ತು ತಂದೆ. ಪ್ರತಿ ವರ್ಷ ಇದನ್ನು ಕೀಳುತ್ತಿದ್ದವರು ನಿನ್ನ ಭಾವ. ಮಂಡಿಯೂರಿ ಕೂತು, ಒಂದೊಂದೇ ಎಲೆ ನೋಡಿ, "ಇದು ಶಾಮ್ರಾಕ್ ಅಲ್ಲ, ಬರೀ ಹುಲ್ಲು. ಲೀಡ್ಸ್‌ನೋರಿಗೆ ಏನು ಗೊತ್ತಾಗುತ್ತೆ, ಕಳಿಸು" ಎನ್ನುತ್ತಿದ್ದರು. ನಾನು ಒಬ್ಬಳೇ ಕಿತ್ತದ್ದರಲ್ಲಿ ಹುಲ್ಲು ಎಷ್ಟಿದೆಯೋ. ಒದ್ದೆ ಪಾಚಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಹಬ್ಬದ ಹೊತ್ತಿಗೆ ತಲುಪುತ್ತದೆ.

ಹಾಗಾದರೆ ವಿಷಯ ಇದು. ಮಾರ್ಜರಿ. ಈಗ ಎಲ್ಲ ತಿಳಿಯಿತು. ಭಾನುವಾರವೂ ಏಕೆ ಬೇಡ, ಒಮ್ಮೆಗೇ ಏಕೆ ಬಿಡಬೇಕು, ಹಲ್ಲು ಏಕೆ ಉಜ್ಜಬೇಕು. ನಲವತ್ತನಾಲ್ಕಕ್ಕೆ ನಾಚುವುದೇನಿದೆ? ನನಗಾಗಿ ಬಿಡುತ್ತಿದ್ದೀಯ ಎಂದುಕೊಂಡಿದ್ದೆ. ನನಗಾಗಿ ಅಲ್ಲದಿದ್ದರೂ ಸಂತೋಷವೇ. ಅವಳಿಗೆ ಸೋಡಾ ಬ್ರೆಡ್ ಇಷ್ಟವಾಗುತ್ತದೆಯೇ ಕೇಳು.

ಸಂತ ಪ್ಯಾಟ್ರಿಕ್‌ನ ದಿನ ಎಲ್ಲ ವ್ರತಕ್ಕೂ ರಜೆ. ಇದನ್ನು ಅಪ್ಪನೊಬ್ಬರೇ ಅಲ್ಲ, ಊರಿನ ಪಾದ್ರಿಯೂ ಒಪ್ಪುತ್ತಿದ್ದರು. ಪಾಚಿಯ ಕೆಳಗೆ ಬೆಳ್ಳಿ ಕಾಗದದಲ್ಲಿ ಎರಡು ಸುತ್ತಿಟ್ಟಿದ್ದೇನೆ. ನಿನ್ನ ಭಾವನ ತಟ್ಟೆಯವು. ಒಂದು ನಿನಗೆ, ಇನ್ನೊಂದು ನೆನೆದು ಹಾಳಾದರೆ ಎಂದು. ಗುರುವಾರ ಸಂಜೆ ಆರಕ್ಕೆ ಹಚ್ಚು. ನಾನೂ ಇಲ್ಲಿ ಅದೇ ಆರಕ್ಕೆ ಹಚ್ಚುತ್ತೇನೆ. ನಡುವೆ ಸಮುದ್ರ ಇದ್ದರೂ ಇಬ್ಬರೂ ಒಟ್ಟಿಗೆ ಕೂತ ಹಾಗಾಗುತ್ತದೆ. ಇದೊಂದು ನನಗಾಗಿ ಮಾಡು. ಮರುದಿನದಿಂದ ನೀನು ಹೇಳಿದ ಹಾಗೆ.

ಅಕ್ಕ,
ಡಿಂಪ್ನಾ

ಒಂದು ಕಾಲುಚೀಲ ಮುಗಿಯಿತು. ಜೊತೆಯಾದ ಮೇಲೆ ಕಳಿಸುತ್ತೇನೆ.


ಲೀಡ್ಸ್
ಶುಕ್ರವಾರ, 18 ಮಾರ್ಚ್

ಅಕ್ಕ,

ಶಾಮ್ರಾಕ್ ಹಸಿಯಾಗಿಯೇ ಬಂತು. ಹುಲ್ಲು ಹೆಚ್ಚೇನೂ ಇರಲಿಲ್ಲ. ಮಿಸೆಸ್ ಆಕ್ರಾಯ್ಡ್‌ಗೆ ಒಂದು ಚೂರು ಕೊಟ್ಟೆ. "ತಿನ್ನೋದಾ, ಮುಡಿಯೋದಾ?" ಎಂದು ಕೇಳಿ, ಕೊನೆಗೆ ಬೆಕ್ಕಿನ ಕೊರಳಪಟ್ಟಿಗೆ ಸಿಕ್ಕಿಸಿದರು.

ಆರು ಗಂಟೆಗೆ ಹಚ್ಚಿದೆ. ನೀನು ಹೇಳಿದ ಹಾಗೆ. ಹಳೆಯದಾಗಿ ಒಣಗಿತ್ತು, ಬೇಗ ಉರಿದುಹೋಯಿತು. ನಿನ್ನ ಅಡುಗೆಮನೆ ಕಣ್ಣೆದುರು ಬಂತು, ಭಾವನ ಕುರ್ಚಿ ಕೂಡ. ಚೆನ್ನಾಗಿತ್ತು.

ಮಾರ್ಜರಿಯ ಬಗ್ಗೆ ಇಲ್ಲದ್ದು ಕಲ್ಪಿಸಿಕೊಳ್ಳಬೇಡ.

ಫೆಲಿಮ್


ಟೈಡವ್ನೆಟ್
ಗರಿಗಳ ಭಾನುವಾರ, 27 ಮಾರ್ಚ್

ಪ್ರೀತಿಯ ಫೆಲಿಮ್,

ಮಧ್ಯಾಹ್ನ ಎರಡು. ಪೂಜೆಗೆ ಹೋಗಿ, ಅಲ್ಲಿ ಹಂಚಿದ ಹಬ್ಬದ ಗರಿ ತಂದು ನಿನ್ನ ಭಾವನ ಫೋಟೋದ ಹಿಂದೆ ಸಿಕ್ಕಿಸಿದೆ. ಬೇಯಿಸಿದ ಆಲೂಗೆಡ್ಡೆ ಊಟ. ಕಳೆದ ಭಾನುವಾರ ಬರೆದದ್ದಕ್ಕೆ ನಿನ್ನಿಂದ ಉತ್ತರವಿಲ್ಲ. ಅಂಚೆಯವನು ವಾರವಿಡೀ ಗೇಟಿನ ಮುಂದೆ ಸೈಕಲ್ ನಿಲ್ಲಿಸದೇ ಹೋದ. ಶುಕ್ರವಾರ ನನ್ನ ಮುಖ ನೋಡಿ ಅವನಿಗೇ ಬೇಜಾರಾಗಿ, "ಏನಿಲ್ಲಮ್ಮಾ, ಕರೆಂಟ್ ಬಿಲ್ಲಾದ್ರೂ ತಂದುಕೊಡ್ತಿದ್ದೆ, ಅದೂ ಬಂದಿಲ್ಲ" ಎಂದ.

ನೀನು ಮತ್ತೆ ಸೇದಲು ಶುರುಮಾಡಿದ್ದೀಯ, ಹೇಳಲು ನಾಚಿಕೆ, ಅದಕ್ಕೇ ಬರೆದಿಲ್ಲ ಎಂದು ನನ್ನ ಊಹೆ. ನಾಚಬೇಡ. ನಾನೇನು ಬೈಯುವವಳೇ? ಇನ್ನೊಂದು ವಾರ ತಡೆದರೆ ಈಸ್ಟರ್ ಬಂದೇಬಿಡುತ್ತದೆ. ಇಲ್ಲವೇ ಮಾರ್ಜರಿಯ ಜೊತೆ ಅಕ್ಕನ ನೆನಪು ಬರದಷ್ಟು ಸುಖವಾಗಿದ್ದರೆ ಅದನ್ನಾದರೂ ಬರೆ. ಒಂದು ಸಾಲು ಸಾಕು.

ಎರಡನೆಯ ಕಾಲುಚೀಲ ಮುಗಿಯಿತು. ಎರಡನ್ನೂ ಒಲೆಯ ಮೇಲಿನ ಹಗ್ಗಕ್ಕೆ ಹಾಕಿದ್ದೇನೆ. ಮನೆಯಲ್ಲಿ ಮತ್ತೆ ಗಂಡಸೊಬ್ಬ ಇದ್ದ ಹಾಗೆ ಕಾಣುತ್ತದೆ.

ಡಿಂಪ್ನಾ


ಲೀಡ್ಸ್
ಬುಧವಾರ, 30 ಮಾರ್ಚ್

ಅಕ್ಕ,

ಇದನ್ನು ಆಸ್ಪತ್ರೆಯ ಹಾಸಿಗೆಯಲ್ಲಿ ಕೂತು ಬರೆಯುತ್ತಿದ್ದೇನೆ. ಹೆದರಬೇಡ. ನಿಧಾನವಾಗಿ ಓದು.

ಜನವರಿಯಲ್ಲೇ ಡಾಕ್ಟರು ಹೇಳಿದ್ದರು. ನನ್ನ ಕಾಲಿನ ರಕ್ತನಾಳಗಳು ಮುಚ್ಚಿಕೊಳ್ಳುತ್ತಿವೆ. ಇದು ಸಿಗರೇಟಿನಿಂದಲೇ ಬರುವ ಕಾಯಿಲೆ, ಔಷಧಿ ಹೆಚ್ಚೇನೂ ಇಲ್ಲ. ಸಿಗರೇಟು ಪೂರ್ತಿ ಬಿಟ್ಟರೆ ನಿಲ್ಲುತ್ತದೆ. ಕಡಿಮೆ ಮಾಡಿದರೆ ಸಾಲದು, ಒಂದು ಸೇದಿದರೂ ಮತ್ತೆ ಶುರು. ಅದಕ್ಕೇ ನನಗೆ ಚೂಯಿಂಗ್ ಗಮ್ ಕೂಡ ಬೇಡ ಎಂದದ್ದು. ಮಾರ್ಜರಿ ಇಲ್ಲಿಯ ನರ್ಸ್. ಅರವತ್ತಾಗಿದೆ, ಮೊಮ್ಮಕ್ಕಳಿದ್ದಾರೆ. ನೀನು ಕೇಳಿದ್ದನ್ನು ಹೇಳಿದೆ, ಸೋಡಾ ಬ್ರೆಡ್ ಇಷ್ಟವಂತೆ.

ನಿನಗೆ ಹೇಳಲಿಲ್ಲ. ಭಾವನನ್ನು ಮಣ್ಣು ಮಾಡಿ ಮೂರು ತಿಂಗಳೂ ಆಗಿರಲಿಲ್ಲ. ಇನ್ನೊಂದು ಆಸ್ಪತ್ರೆಯ ಸುದ್ದಿಯನ್ನು ನಿನ್ನ ಮನೆಗೆ ಹೇಗೆ ಕಳಿಸಲಿ? ಒಟ್ಟಿಗೆ ಬಿಡೋಣ ಎಂದರೆ ನಿನ್ನ ಜೊತೆ ನಾನೂ ಉಳಿಯುತ್ತೇನೆ ಎಂದುಕೊಂಡೆ. ಒಬ್ಬನೇ ಬಿಡಲು ನನಗೆ ಧೈರ್ಯವಿರಲಿಲ್ಲ, ಅದು ನಿಜ.

ಮಂಜು ಬಿದ್ದು ಕೆಲಸ ನಿಂತದ್ದಲ್ಲ. ನಿಲ್ಲಲು ಆಗುತ್ತಿರಲಿಲ್ಲ. ಎಡಗಾಲಿನ ಎರಡು ಬೆರಳು ಕಪ್ಪಾಗಿದ್ದವು. ಕಳೆದ ಗುರುವಾರ ತೆಗೆದರು.

ಈಗ ನೀನು ಏನು ಯೋಚಿಸುತ್ತೀಯ ಎಂದು ನನಗೆ ಗೊತ್ತು. ಡಾಕ್ಟರು ಹೇಳಿದ ಪ್ರಕಾರ ಆ ಬೆರಳುಗಳು ಮೊದಲೇ ಹೋಗಿದ್ದವು, ಹಬ್ಬದ ದಿನದ ಒಂದರಿಂದ ಏನೂ ಆಗಿಲ್ಲ. ಇದನ್ನು ನಂಬು. ನೀನು ಕಳಿಸಿದ್ದನ್ನು ಸೇದದೇ ಇಡಬಹುದಿತ್ತು. ಆರು ಗಂಟೆಗೆ ನೀನು ಅಲ್ಲಿ ಒಬ್ಬಳೇ ಕೂತಿರುತ್ತೀಯ ಎಂಬುದು ನೆನಪಾಗಿ ಹಚ್ಚಿದೆ. ಅದು ಮುಗಿದ ಮೇಲೆ ಎರಡನೆಯದು. ಮರುದಿನ ಬೆಳಿಗ್ಗೆ ಮೂಲೆಯ ಅಂಗಡಿಗೆ ಕುಂಟುತ್ತಾ ಹೋಗಿ ಪ್ಯಾಕೆಟ್ ತಂದೆ. ಅಂಗಡಿಗೆ ಹೋದವನು ನಾನು, ನೀನಲ್ಲ.

ಮಾರ್ಜರಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. "ಗೋಡೆಯಿಂದ ಗಿಲಾವು ಬಿದ್ರೆ ಏನ್ ಮಾಡ್ತೀಯಪ್ಪ? ಗೋಡೆ ಕೆಡವ್ತೀಯಾ?" ಎಂದು ಕೇಳಿದರು. ಇಲ್ಲ, ಬಿದ್ದಷ್ಟನ್ನು ಕೆರೆದು ಮತ್ತೆ ಬಳಿಯುತ್ತೇನೆ ಎಂದೆ. "ಮತ್ತೆ? ಸೋಮವಾರ ಬರ್ಲಿ ಅಂತ ಕಾಯ್ತೀಯಾ?" ಎಂದು ಹೋದರು. ಆ ಹೊತ್ತಿನಿಂದ ಮುಟ್ಟಿಲ್ಲ.

ಪಾದ ಉಳಿಯುತ್ತದೆ ಎನ್ನುತ್ತಾರೆ, ನಾನು ಮತ್ತೆ ಯಾವತ್ತೂ ಸೇದದಿದ್ದರೆ. ಈಸ್ಟರ್ ಆದ ವಾರ ಮನೆಗೆ ಕಳಿಸುತ್ತಾರೆ. ಮಹಡಿಯ ಆ ಕೋಣೆ, ಆ ಕಿಟಕಿ, ಕೆಳಗೆ ಬಸ್ ನಿಲ್ದಾಣ. ಇಲ್ಲಿ ವಾರ್ಡಿನಲ್ಲಿ ಧೈರ್ಯವಾಗಿದ್ದೇನೆ. ಅಲ್ಲಿಗೆ ಹೋಗಲು ಹೆದರಿಕೆ ಅಕ್ಕ.

ಫೆಲಿಮ್


ಟೈಡವ್ನೆಟ್
ಈಸ್ಟರ್ ಭಾನುವಾರ, 3 ಏಪ್ರಿಲ್

ಪ್ರೀತಿಯ ಫೆಲಿಮ್,

ಸಂಜೆ ಏಳು ಗಂಟೆ. ನಿನ್ನ ಕಾಗದ ನಿನ್ನೆ ಬಂತು. ಗೇಟಿನಲ್ಲಿ ನಿಂತೇ ಓದಿದೆ, ಒಳಗೆ ಬಂದು ಇನ್ನೊಮ್ಮೆ ಓದಿದೆ.

ಹಬ್ಬದ ದಿನದ ಒಂದರಿಂದ ಏನೂ ಆಗಿಲ್ಲ ಎಂದು ಬರೆದಿದ್ದೀಯ. ಡಾಕ್ಟರು ನಿಜವಾಗಿ ಹಾಗೆ ಹೇಳಿದರೋ, ನೀನು ನನಗಾಗಿ ಬರೆದೆಯೋ, ನಾನು ಕೇಳುವುದಿಲ್ಲ. ನೀನೂ ಹೇಳಬೇಡ.

ಡಬ್ಬಿಯ ತಳ ಹೇಗೆ ಕಾಣಿಸಿತು ಎಂದು ನೀನು ಕೇಳಿದ್ದೆ. ನಾನು ಉತ್ತರಿಸಲಿಲ್ಲ. ಭಾನುವಾರದ್ದನ್ನೂ ಹಬ್ಬದ ದಿನದ್ದನ್ನೂ ಬಿಟ್ಟರೆ ನಾನು ಸೇದಲಿಲ್ಲ, ಅದು ನಿಜ. ಆದರೆ ನವೆಂಬರಿನಿಂದಲೇ ದಿನಾ ಸಂಜೆ ಆರಕ್ಕೆ ಆ ಡಬ್ಬಿಯಿಂದ ಒಂದು ಹಚ್ಚಿ ನಿನ್ನ ಭಾವನ ಬೂದಿತಟ್ಟೆಯ ಅಂಚಿನಲ್ಲಿ ಇಡುತ್ತಿದ್ದೆ. ಅದು ತಾನಾಗಿ ಉರಿದು ಬೂದಿಯಾಗುವವರೆಗೆ ಕಿಟಕಿಯ ಹತ್ತಿರ ಕೂತಿರುತ್ತಿದ್ದೆ. ಕಣ್ಣು ಮುಚ್ಚಿದರೆ ಅವರು ಬಂದ ಹಾಗೇ ಇರುತ್ತಿತ್ತು. ಇದನ್ನು ಬರ್ನಿಗೂ ಹೇಳಿಲ್ಲ. ಸಿಗರೇಟು ಬಿಡುವುದು ನನಗೆ ಅಷ್ಟೇನೂ ಕಷ್ಟವಾಗಲಿಲ್ಲ ಫೆಲಿಮ್. ಆ ವಾಸನೆ ಬಿಡುವುದಕ್ಕೆ ಆಗಲಿಲ್ಲ.

ಇವತ್ತು ಬೆಳಿಗ್ಗೆ ಪೂಜೆ ಮುಗಿದ ಮೇಲೆ ಚರ್ಚಿನ ಗೋಡೆಯ ಹತ್ತಿರ ಎಂದಿನಂತೆ ಹೊಗೆ. ಗಂಡಸರು ಈಗ ಮೊದಲಿನಷ್ಟಿಲ್ಲ, ಹೆಂಗಸರೂ ನಿಲ್ಲುತ್ತಾರೆ. ಬರ್ನಿ ಪ್ಯಾಕೆಟ್ ಚಾಚಿದಳು.

"ತಗೊಳ್ಳೇ. ವ್ರತ ಮುಗೀತು."

"ಬೇಡ ಬರ್ನಿ. ನಾನು ಬಿಟ್ಟಿದ್ದೀನಿ."

"ಅದೇ ಕಣೇ, ನಾನೂ ಬಿಟ್ಟಿದ್ದೆ. ಇವತ್ತು ಈಸ್ಟರ್."

"ಈಸ್ಟರಿಗೂ ಬಿಟ್ಟಿದ್ದೀನಿ. ಭಾನುವಾರಕ್ಕೂ. ಇನ್ಮೇಲೆ ನಂಗೆ ಯಾರೂ ಕೊಡ್ಬೇಡಿ." ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ, ಅಕ್ಕಪಕ್ಕದವರೂ ಕೇಳಲಿ ಎಂದು. ಮಾರ್ಜರಿ ಹೇಳಿದ್ದು ಹಾಗೇ ತಾನೆ?

ಬರ್ನಿ ನನ್ನ ಮುಖ ನೋಡಿದಳು. ಆಮೇಲೆ ತನ್ನದನ್ನೂ ಹಚ್ಚದೆ ಪ್ಯಾಕೆಟ್ಟನ್ನು ಚೀಲಕ್ಕೆ ಹಾಕಿಕೊಂಡು, "ಯಾರಿಗೇನಾಯ್ತೇ?" ಎಂದು ಕೇಳಿದಳು. ಹೇಳಿದೆ. ಮನೆಯವರೆಗೆ ಜೊತೆಗೆ ನಡೆದು ಬಂದಳು. ಒಳಗೆ ಬಂದು, ನಾನು ಹೇಳಿದಂತೆ ಬಕೆಟ್‌ಗೆ ನೀರು ತುಂಬಿಕೊಟ್ಟಳು. 

ಡಬ್ಬಿಯಲ್ಲಿ ಉಳಿದಿದ್ದ ಕೊನೆಯ ಕೆಲವನ್ನು ಒಲೆಗೆ ಹಾಕಲಿಲ್ಲ, ಹಾಕಿದ್ದರೆ ಮನೆಯೆಲ್ಲ ಅದೇ ಹೊಗೆ ತುಂಬುತ್ತಿತ್ತು. ಬಕೆಟ್ ನೀರಿಗೆ ಸುರಿದು, ಕೈಯಲ್ಲಿ ಕಿವುಚಿ, ಗೊಬ್ಬರದ ಗುಂಡಿಗೆ ಚೆಲ್ಲಿದೆ. ಬೂದಿತಟ್ಟೆಯನ್ನು ತೊಳೆದು ಬರ್ನಿಗೆ ಕೊಟ್ಟೆ, ಮೊಳಕೆಯ ಕುಂಡದ ಕೆಳಗಿಡಲು. ಆಮೇಲೆ ಕಿಟಕಿ ಪರದೆಗಳನ್ನು ಬಿಚ್ಚಿ ನೀರಿಗೆ ಹಾಕಿದೆ. ಹಬ್ಬದ ದಿನ ಬಟ್ಟೆ ಒಗೆಯಬಾರದು, ನನಗೂ ಗೊತ್ತು. ಎರಡು ಸಲ ನೀರು ಬದಲಿಸಬೇಕಾಯಿತು. ಮೊದಲ ನೀರು ಗಟ್ಟಿ ಚಹಾದ ಬಣ್ಣಕ್ಕೆ ಬಂತು. ಕೊನೆಗೆ ಅವರ ಕೋಟು. ಅದನ್ನು ನೀರಿಗೆ ಹಾಕುವ ಮೊದಲು ಕಾಲರಿಗೆ ಮುಖ ಒತ್ತಿ ಸ್ವಲ್ಪ ಹೊತ್ತು ನಿಂತಿದ್ದೆ. ಬರ್ನಿ ಬಾಗಿಲ ಕಡೆ ತಿರುಗಿಕೊಂಡಳು. ಆಮೇಲೆ ಹಾಕಿದೆ.

ಈಗ ಮನೆಯಲ್ಲಿ ಸಾಬೂನಿನ ವಾಸನೆ ಬಿಟ್ಟು ಏನೂ ಇಲ್ಲ. ಆರು ಗಂಟೆ ಹೊಡೆಯಿತು. ಕೂತಿದ್ದೆ. ಕೆಟಲ್ ಕುದಿಯಿತು. ಆಸೆ ಬಂದು ಹೋಯಿತು, ನೀನು ಹೇಳಿದ ಹಾಗೆ. ನಾಳೆಯೂ ಬರುತ್ತದೆ ಎಂದು ಗೊತ್ತು.

ಕಾಲುಚೀಲವನ್ನು ಹಗ್ಗದಿಂದ ತೆಗೆದೆ. ಎಡಗಾಲಿನದರ ತುದಿ ಬಿಚ್ಚಿ ಬೇರೆ ಥರ ಹೆಣೆದಿದ್ದೇನೆ, ಖಾಲಿ ಉಣ್ಣೆ ಮಡಚಿಕೊಂಡು ಗಾಯಕ್ಕೆ ಒತ್ತಬಾರದೆಂದು. ಯಾವ ಎರಡು ಬೆರಳು ಎಂದು ನೀನು ಬರೆದಿಲ್ಲ. ಅಂದಾಜಿನಿಂದ ಮಾಡಿದ್ದೇನೆ. ತಪ್ಪಿದ್ದರೆ ಅಲ್ಲೇ ಕೂತು ಸರಿಮಾಡುತ್ತೇನೆ, ಕಡ್ಡಿ ಉಣ್ಣೆ ಎರಡೂ ಚೀಲದಲ್ಲಿವೆ.

ನಾನು ಅಲ್ಲಿಗೆ ಬರುತ್ತಿದ್ದೇನೆ ಎಂದು ಮಿಸೆಸ್ ಆಕ್ರಾಯ್ಡ್‌ಗೆ ಬರ್ನಿಯ ಮನೆಯಿಂದ ಫೋನ್ ಮಾಡಿದ್ದೆ. ನಿನ್ನ ಮೊದಲ ಕಾಗದದ ತಲೆಯಲ್ಲಿ ನಂಬರ್ ಇತ್ತು. "ನಿಮ್ಮ ತಮ್ಮನ ಕೋಣೆಯಲ್ಲಿ ಇನ್ನೊಂದು ಮಂಚ ಹಿಡಿಯಲ್ಲ ತಾಯಿ, ಕೆಳಗೆ ಹಿಂದಿನ ಕೋಣೆ ಇದೆ. ಕಿಟಕಿ ತೋಟಕ್ಕೆ ತೆರೆಯುತ್ತೆ. ಅಲ್ಲಿ ಬೆಕ್ಕು ಮಲಗುತ್ತೆ, ಅದನ್ನ ನೀವೇ ಒಪ್ಪಿಸ್ಕೋಬೇಕು" ಎಂದರು. ನಿನ್ನನ್ನೂ ಕೆಳಗೇ ಇಳಿಸಿಕೊಳ್ಳೋಣ. ಕೋಳಿಗಳನ್ನು ಬರ್ನಿ ನೋಡಿಕೊಳ್ಳುತ್ತಾಳೆ. "ಮಾತಾಡಿಸ್ತೀನಿ ಬಿಡು, ನನ್ನ ಮಾತು ಅವಕ್ಕಾದ್ರೂ ಬೇಕಾಗುತ್ತೋ ನೋಡೋಣ" ಎಂದಳು.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ನಿನ್ನ ಕೈಯಲ್ಲೇ ಕೊಡುತ್ತೇನೆ. ನಾನು ಬಾಯಿಬಿಟ್ಟು ಹೇಳಲಾರದ್ದು ಇದರಲ್ಲಿದೆ. ಓದಿ ಸುಮ್ಮನೆ ಮಡಚಿಡು.

ನಾಳೆ ಈಸ್ಟರ್ ಸೋಮವಾರ, ಅಂಚೆ ಇಲ್ಲ. ಡಬ್ಲಿನ್ ಬಸ್ಸು ಇದೆ, ಅಲ್ಲಿಂದ ಹಡಗು.

ಅಕ್ಕ